ನಿನ್ನೆಯ ನೀರು

ನಮ್ಮ ಮನೆಯ ತಾರಸಿಗೆ ಮೆಟ್ಟಿಲು ಇರಲಿಲ್ಲ. ಜಯನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸುವಾಗ ಅಪ್ಪ, ಮೆಟ್ಟಿಲು ಆಮೇಲೆ ನೋಡೋಣ ಅಂದಿದ್ದರಂತೆ. ಆ ‘ಆಮೇಲೆ’ ಬಹಳ ವರ್ಷ ಬರಲೇ ಇಲ್ಲ. ಮುಂದಿನ ಅರ್ಧ ಮನೆಗೆ ಕಾಂಕ್ರೀಟು, ಅಡುಗೆಮನೆ ಬಚ್ಚಲುಮನೆಗಳಿದ್ದ ಹಿಂದಿನ ಅರ್ಧಕ್ಕೆ ಕಲ್ನಾರು ಶೀಟು. ಶೀಟಿನ ಮೇಲೆ ಬೆಕ್ಕು ನಡೆದರೂ ಅಜ್ಜಿ ಮೇಲೆ ನೋಡುತ್ತಿದ್ದಳು. ಹೀಗಾಗಿ, ಬಿಸಿಲಿನಲ್ಲಿ ಸ್ನಾನದ ನೀರು ಕಾಯಿಸುವ ಪೆಟ್ಟಿಗೆಯನ್ನು ಆಮೇಲಾಮೇಲೆ ಬಡಾವಣೆಯವರೆಲ್ಲ ಮನೆಯ ತಲೆಯ ಮೇಲೆ ಹೊತ್ತುಕೊಂಡರೂ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಅದನ್ನು ಕೂರಿಸಿದ್ದು ಹಿತ್ತಿಲಿನ ನೆಲದ ಮೇಲೆ.

ಅದಕ್ಕೆ ಮುಂಚೆ ಬಚ್ಚಲುಮನೆಯ ಮೂಲೆಯಲ್ಲಿ ಒಲೆ ಇತ್ತು. ಒಲೆಯ ಮೇಲೆ ಗಾರೆಯಲ್ಲಿ ಕುತ್ತಿಗೆಯವರೆಗೆ ಹೂತ ತಾಮ್ರದ ಹಂಡೆ. ತಿಲಕ್ ನಗರದ ಸೌದೆ ಡಿಪೋದಿಂದ ಕೈಗಾಡಿಯಲ್ಲಿ ಸೌದೆ ಬರುತ್ತಿತ್ತು. ಜೊತೆಗೆ ನಮ್ಮದೇ ತೆಂಗಿನ ಮರದ ಮಟ್ಟೆ, ಗರಿ, ಚಿಪ್ಪು. ಹೊಗೆ ಹೋಗಲೆಂದು ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಹೊಗೆಗೆ ಆ ಕಿಂಡಿ ಹಿಡಿಸಲಿಲ್ಲ. ಅದು ಬಚ್ಚಲು ತುಂಬಿ, ಬಾಗಿಲಿನ ಸಂದಿನಿಂದ ನುಸುಳಿ, ಅಡುಗೆಮನೆಯನ್ನು ಸುತ್ತಿ, ನಾನು ಮಲಗಿದ್ದ ಕೋಣೆಗೆ ಬಂದು ಎಬ್ಬಿಸುತ್ತಿತ್ತು. ನಮ್ಮ ಮನೆಯಲ್ಲಿ ಅಲಾರಂ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ಹೊಗೆಯ ಮೂಲದಲ್ಲಿ ಕೂತಿರುತ್ತಿದ್ದವಳು ಅಮ್ಮ. ಅಜ್ಜಿ, ಅಂದರೆ ಅಪ್ಪನ ತಾಯಿ, ಮಡಿಯವಳು. ಬೆಳಗಾಗುವ ಮೊದಲು ಬಿಸಿನೀರಿನ ಸ್ನಾನ ಮಾಡಿ ದೇವರ ಮುಂದೆ ಕೂರಬೇಕು. ಆ ನೀರನ್ನು ಕಾಯಿಸುವವರೂ ಸ್ನಾನ ಮಾಡಿ ಮಡಿಯಲ್ಲಿರಬೇಕು. ಆದ್ದರಿಂದ ಅಮ್ಮ ಕತ್ತಲಲ್ಲೇ ಎದ್ದು, ತಾನು ತಣ್ಣೀರು ಸುರಿದುಕೊಂಡು, ಮಡಿಸೀರೆ ಉಟ್ಟು, ಹಂಡೆಗೆ ಹೊಸ ನೀರು ತುಂಬಿ, ಊದುಕೊಳವೆ ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ತಾನು ತಣ್ಣೀರಲ್ಲಿ ಮಿಂದು ಇನ್ನೊಬ್ಬರಿಗೆ ಬಿಸಿನೀರು ಕಾಯಿಸುವುದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅಮ್ಮನಿಗಾಗಲಿ ಅಜ್ಜಿಗಾಗಲಿ ಅನಿಸಿದಂತೆ ಕಾಣೆ. ಅಜ್ಜಿಯೂ ತನ್ನ ಕಾಲದಲ್ಲಿ ತನ್ನ ಅತ್ತೆಗೆ ಅದನ್ನೇ ಮಾಡಿದ್ದಳು.

ನಾನು ಕಾಲೇಜಿಗೆ ಸೇರಿದ ವರ್ಷ ಅಮ್ಮನ ಬಲಗಣ್ಣು ಕೆಂಪಾಯಿತು. ಒಂದು ವಾರ ನಂದಿಬಟ್ಟಲು ಹೂವಿನ ರಸ, ಇನ್ನೊಂದು ವಾರ ಎದುರುಮನೆಯವರು ಹೇಳಿದ ಜೇನುತುಪ್ಪ. ಬೆಳಕು ನೋಡಲಾರದೆ ಸೆರಗು ಮುಚ್ಚಿಕೊಂಡು ಅನ್ನ ಬಸಿಯುವ ಹಂತ ಬಂದಾಗ ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಕಪ್ಪು ಗುಡ್ಡೆಯ ಮೇಲೆ ಹುಣ್ಣಾಗಿದೆ ಎಂದು ಡಾಕ್ಟರು ಹೇಳಿದರು. ಹಾಗೇ ಔಷಧಿ ಬರೆಯುತ್ತ, “ಒಲೆ ಊದ್ತೀರಾ?” ಎಂದು ಕೇಳಿದರು.

“ಬಚ್ಚಲು ಒಲೆ ಮಾತ್ರ ಡಾಕ್ಟ್ರೇ. ಅಡುಗೆಗೆ ಗ್ಯಾಸಿದೆ” ಎಂದಳು ಅಮ್ಮ, ಮನೆಯ ಮರ್ಯಾದೆ ಕಾಪಾಡುವವಳಂತೆ.

“ಯಾವ ಒಲೆ ಆದ್ರೂ ಹೊಗೆ ಒಂದೇ ಅಮ್ಮ. ಈ ಸಲ ವಾಸಿ ಆಗತ್ತೆ, ಕಲೆ ಉಳಿಯತ್ತೆ. ಇನ್ನೊಂದೆರಡು ಸಲ ಹೀಗೇ ಆದ್ರೆ ಈ ಕಣ್ಣಿನ ಆಸೆ ಬಿಟ್ಬಿಡಿ.”

ಮನೆಗೆ ಬಂದ ಮೇಲೆ ಅಪ್ಪ ಡ್ರಾಯಿಂಗ್ ಬೋರ್ಡು ತೆಗೆದರು. ಅವರು ಒಂದು ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದವರು. ಅವರಿಗೆ ಸಿಟ್ಟು ಬಂದರೂ, ಮರುಕ ಬಂದರೂ, ಮಾತಿನ ಬದಲು ಗೆರೆ ಬರುತ್ತಿತ್ತು.

ಕರೆಂಟಿನ ಗೀಸರ್ ಹಾಕಿಸಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಆಗ ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ಬಲ್ಬಿನ ತಂತಿ ಕೆಂಪಗೆ ಕಂಡರೆ ಅದೇ ದೊಡ್ಡದು. ಅಡುಗೆಯ ಗ್ಯಾಸಿನ ಮೇಲೆ ಸ್ನಾನದ ನೀರು ಇಡುವ ಮಾತನ್ನು ಅಜ್ಜಿಯ ಮುಂದೆ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಸಿಲಿಂಡರೂ ಒಂದೇ ಇತ್ತು. ಕಾರ್ಖಾನೆಯಲ್ಲಿ ಯಾರೋ ಬಿಸಿಲಿನ ನೀರಿನ ವಿಷಯ ಹೇಳಿದ್ದರು. ಅದು ಅಪ್ಪನ ತಲೆ ಹೊಕ್ಕಿತು.

ಮೊದಲ ಕೆಲಸ ಜಾಗ ಹುಡುಕುವುದು. ಒಂದು ಭಾನುವಾರ ಪೂರ್ತಿ ಅಪ್ಪ ಹಿತ್ತಿಲಿನಲ್ಲಿ ನಿಂತು, ತೆಂಗಿನ ಮರದ ನೆರಳು ಸರಿದಂತೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಅದರ ಅಂಚನ್ನು ಬರೆದರು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಇಣುಕಿ, “ಏನು, ನಿಮ್ಮನೆಯವರು ರಂಗೋಲಿ ಕಲೀತಿದಾರಾ?” ಎಂದು ಅಮ್ಮನನ್ನು ಕೇಳಿದರು. ಸಂಜೆ ನೋಡಿದರೆ ಇಡೀ ಹಿತ್ತಿಲಿನಲ್ಲಿ ದಿನವಿಡೀ ನೆರಳು ಮುಟ್ಟದ ಜಾಗ ಒಂದೇ ಒಂದು. ಅದು ಅಜ್ಜಿ ಹಪ್ಪಳ ಸಂಡಿಗೆ ಒಣಗಿಸುವ ಜಾಗ. ಅಜ್ಜಿಗೆ ಇದು ಯಾವ ಸೀಮೆಸುಣ್ಣವೂ ಇಲ್ಲದೆ ಮೊದಲೇ ಗೊತ್ತಿತ್ತು.

“ಅಲ್ಲಿ ಇಟ್ರೆ ನಾನು ಹಪ್ಪಳ ಎಲ್ಲಿ ಹಾಕ್ಲೋ? ನಿನ್ನ ತಲೆ ಮೇಲಾ?”

“ಒಂದು ಚಾಪೆಯಷ್ಟು ಜಾಗ ಬಿಡ್ತೀನಮ್ಮ” ಎಂದರು ಅಪ್ಪ. ಹಾಗೇ ಬಿಟ್ಟರು ಕೂಡ. ಅಷ್ಟಾಗಿಯೂ ಎಷ್ಟೋ ದಿನ ಅಜ್ಜಿ ಆ ಕಡೆ ಮುಖ ಹಾಕಲಿಲ್ಲ.

ಪೆಟ್ಟಿಗೆ ತಯಾರಾಗಿದ್ದು ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ಕಪ್ಪು ಬಣ್ಣ ಬಳಿದ ತಾಮ್ರದ ತಗಡು, ಅದಕ್ಕೆ ಬೆಸೆದ ಸಣ್ಣ ಕೊಳವೆಗಳು, ಮೇಲೆ ಗಾಜು. ಅದನ್ನು ನೆಲದಲ್ಲಿ ಕಾಂಕ್ರೀಟು ಹಾಕಿ ನಿಲ್ಲಿಸಿದ ಕಬ್ಬಿಣದ ಕಾಲುಗಳ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಒರಗಿಸಬೇಕು. ಹಿಂದೆ ಅದಕ್ಕಿಂತ ಎತ್ತರದಲ್ಲಿ, ಎರಡು ಇಟ್ಟಿಗೆ ಕಂಬಗಳ ಮೇಲೆ, ನೀರಿನ ಡ್ರಮ್ಮು. ಕಾದ ನೀರು ತಾನೇ ಮೇಲಕ್ಕೆ ಏರಿ ಡ್ರಮ್ಮು ಸೇರುತ್ತದೆ, ತಣ್ಣನೆಯದು ಕೆಳಗಿಳಿದು ಪೆಟ್ಟಿಗೆಗೆ ಬರುತ್ತದೆ, ಪಂಪು ಬೇಡ ಎಂದು ಅಪ್ಪ ವಿವರಿಸಿದರು. ಅಮ್ಮ “ಹೂಂ” ಅಂದಳು. ಅಮ್ಮನ ‘ಹೂಂ’ ಒಪ್ಪಿಗೆಯೋ ಸಾಕು ನಿಲ್ಲಿಸಿ ಎಂಬುದೋ ತಿಳಿಯಲು ಅಪ್ಪನಿಗೆ ಕೊನೆಯವರೆಗೂ ಆಗಲಿಲ್ಲ.

ಪೆಟ್ಟಿಗೆ ಎಷ್ಟು ವಾಲಬೇಕೆಂದು ಅಳೆಯಲು ನನ್ನ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಬಂತು. ಅದರ ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು ನೇತುಹಾಕಿ, ನಾನು ಹಿಡಿದುಕೊಂಡು ಓದಬೇಕು. ಅಪ್ಪ ಕಬ್ಬಿಣದ ಕಾಲಿನ ಬೋಲ್ಟು ಸಡಿಲಿಸಿ ಬಿಗಿಸಬೇಕು. ಗಾಳಿಗೆ ನಟ್ಟು ಅಲ್ಲಾಡಿದಾಗಲೆಲ್ಲ ಅಪ್ಪ ನನ್ನನ್ನು ಬೈದರು, ಗಾಳಿಯನ್ನು ಬೈಯಲಾದೀತೇ? ಬಿಸಿ ಆರದಿರಲೆಂದು ತಗಡಿನ ಹೊದಿಕೆಯೊಳಗೆ ಡ್ರಮ್ಮಿನ ಸುತ್ತ ಸುತ್ತಿದ ಗಾಜಿನ ಉಣ್ಣೆ ಮೈಗೆಲ್ಲ ತಗುಲಿ ಇಬ್ಬರೂ ಎರಡು ದಿನ ಕೆರೆದುಕೊಂಡೆವು. ಬೇಕಾದಷ್ಟು ಬಿಸಿಲಿದ್ದ ಒಂದು ಬೇಸಿಗೆಯ ಬೆಳಿಗ್ಗೆ, ನಲ್ಲಿಯಲ್ಲಿ ನೀರು ಬಂದ ಹೊತ್ತಿಗೆ, ರಬ್ಬರ್ ಪೈಪಿನಿಂದ ಡ್ರಮ್ಮು ತುಂಬಿಸಿ ಕಾದೆವು.

ಮರುದಿನ ಬೆಳಿಗ್ಗೆ ಅಪ್ಪ ಬಚ್ಚಲುಮನೆಯ ಹೊಸ ನಲ್ಲಿ ತಿರುಗಿಸಿದರು. ನೀರು ಬಂತು. ಬಿಸಿಯಾಗಿತ್ತು. ಮುಟ್ಟಿ ಕೈ ಹಿಂದೆ ತೆಗೆಯುವಷ್ಟಲ್ಲದಿದ್ದರೂ ತಣ್ಣೀರು ಬೆರೆಸಿಕೊಳ್ಳುವಷ್ಟು. ಅಪ್ಪ ಅಮ್ಮನನ್ನು ಕರೆದು, ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟರು. ನಮ್ಮೆಲ್ಲರ ಮುಂದೆ ಅಪ್ಪ ಅಮ್ಮನ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

“ಇದು ಯಾವಾಗ ಹಿಡಿದ ನೀರು?” ಎಂದು ಕೇಳಿದಳು.

“ನಿನ್ನೆ ಬೆಳಿಗ್ಗೇದು” ಎಂದರು ಅಪ್ಪ, ಹಿಗ್ಗಿನಲ್ಲಿ. “ಇಡೀ ದಿನ ಕಾದು, ರಾತ್ರಿ ಎಲ್ಲಾ ಹಾಗೇ ಬೆಚ್ಚಗಿದೆ ನೋಡು!”

“ನಿನ್ನೆ ನೀರು ತಂಗಳು ನೀರು. ತಂಗಳಲ್ಲಿ ಮಡಿ ಆಗಲ್ಲ” ಎಂದು ಹೇಳಿ ಅಜ್ಜಿ ಹೊರಟುಹೋದಳು.

ನಾವು ಮೂವರೂ ಬಕೆಟ್ಟು ತುಂಬಿ ಚೆಲ್ಲುವವರೆಗೂ ಅಲ್ಲೇ ನಿಂತಿದ್ದೆವು. ನೆರಳಿನ ಲೆಕ್ಕ, ವಾಲುವಿಕೆಯ ಲೆಕ್ಕ, ನೀರಿನ ಏರಿಳಿತದ ಲೆಕ್ಕ ಎಲ್ಲವನ್ನೂ ಹಾಕಿದ್ದ ಅಪ್ಪ ಇದೊಂದನ್ನು ಹಾಕಿರಲಿಲ್ಲ. ಬಿಸಿಲಿನ ನೀರು ಯಾವತ್ತಿದ್ದರೂ ನಿನ್ನೆಯ ನೀರೇ. ಸೂರ್ಯ ಹುಟ್ಟುವ ಮೊದಲು ಸ್ನಾನ ಮಾಡುವವಳಿಗೆ ಅವತ್ತಿನ ಸೂರ್ಯ ಕಾಯಿಸಿದ ನೀರು ಎಲ್ಲಿಂದ ತರುವುದು?

ಹೀಗೆ ಅಪ್ಪನಿಗೆ, ನನಗೆ, ಬಂದ ನೆಂಟರಿಗೆ ಬಿಸಿಲಿನ ನೀರು. ಅಜ್ಜಿಗೆ ಹಂಡೆಯ ನೀರು. ಅಮ್ಮನ ಪಾಡಿನಲ್ಲಿ ಬದಲಾದದ್ದು ಇಷ್ಟೇ: ಅವಳು ಈಗ ತಣ್ಣೀರು ಬಿಟ್ಟು ಬಿಸಿನೀರಲ್ಲಿ ಮಿಂದು, ಆಮೇಲೆ ಹೊಸ ನೀರಲ್ಲಿ ಸೀರೆ ನೆನೆಸಿ ಮಡಿಯಾಗಿ, ಹೋಗಿ ಹೊಗೆಯಲ್ಲಿ ಕೂರುತ್ತಿದ್ದಳು. ಯಾರ ಕಣ್ಣಿಗಾಗಿ ಇಷ್ಟೆಲ್ಲ ನಡೆಯಿತೋ ಆ ಕಣ್ಣೊಂದನ್ನು ಬಿಟ್ಟು ಉಳಿದವರೆಲ್ಲ ಸುಖವಾಗಿದ್ದೆವು. ನನಗೆ ಅಜ್ಜಿಯ ಮೇಲೆ ಬಹಳ ಸಿಟ್ಟು ಬರುತ್ತಿತ್ತು. ಅಮ್ಮನ ಮೇಲೆ ಅದಕ್ಕಿಂತ ಹೆಚ್ಚು.

ಅಪ್ಪ ಒಂದು ದಿನ ನೇರವಾಗಿ ಕೇಳಿಯೇಬಿಟ್ಟರು. “ಅಮ್ಮ, ನಿನಗೆ ಸೊಸೆ ಕಣ್ಣು ದೊಡ್ಡದೋ, ಮಡಿ ದೊಡ್ಡದೋ?”

ಅಜ್ಜಿ ಜಪಮಣಿ ಕೆಳಗಿಟ್ಟಳು. “ನಾನೇನು ನನಗೆ ಕಾಯಿಸಿಕೊಡು ಅಂತ ಅವಳ ಕಾಲು ಹಿಡಿದ್ನಾ? ನಾಳೆಯಿಂದ ತಣ್ಣೀರೇ ಹಾಕ್ಕೋತೀನಿ. ನಾನೂ ನಲವತ್ತು ವರ್ಷ ಒಲೆ ಊದಿದೀನಪ್ಪ. ನನ್ನ ಕಣ್ಣು ಯಾರೂ ಕೇಳಲಿಲ್ಲ.”

ಅಜ್ಜಿ ಹೇಳಿದಂತೆ ಮಾಡಿದಳು. ಮಳೆ ಶುರುವಾಗಿದ್ದ ದಿನಗಳು. ತಣ್ಣೀರು ಸುರಿದುಕೊಂಡು ಹಲ್ಲು ಕಡಿಯುತ್ತ ದೇವರ ಮುಂದೆ ಕೂತಳು. ವಾರ ತುಂಬುವುದರೊಳಗೆ ಚಳಿಜ್ವರ ಬಂದು ಎದೆ ಕಟ್ಟಿತು. ಮೈಸೂರಿನಿಂದ ಅಪ್ಪನ ಅಕ್ಕ ಓಡಿ ಬಂದರು. ಅವರನ್ನು ನಾನು ದೊಡ್ಡತ್ತೆ ಅನ್ನುತ್ತಿದ್ದೆ. ಅವರು ಅಮ್ಮನಿಗೆ ನೇರವಾಗಿ ಏನೂ ಹೇಳಲಿಲ್ಲ. ಅಡುಗೆಮನೆಗೆ ಕೇಳುವ ಹಾಗೆ, “ಈ ವಯಸ್ಸಿನಲ್ಲಿ ಒಂದು ಚೊಂಬು ಬಿಸಿನೀರಿಗೂ ಗತಿ ಇಲ್ಲದ ಹಾಗಾಯ್ತಲ್ಲಮ್ಮ ನಿನಗೆ” ಎಂದರು. ಮರುದಿನ ಬೆಳಿಗ್ಗೆ ಹೊಗೆ ಬಂದು ನನ್ನನ್ನು ಎಬ್ಬಿಸಿತು.

ಆ ಮಳೆಗಾಲದಲ್ಲಿ ಸೌದೆ ಒಣಗಲೇ ಇಲ್ಲ. ಮೋಡ ಕವಿದ ದಿನ ಅಪ್ಪನ ಪೆಟ್ಟಿಗೆಯ ನೀರೂ ಬೆಚ್ಚಗಾಗುತ್ತಿರಲಿಲ್ಲ. ಆಗ ಎಲ್ಲರೂ ಹಂಡೆಗೇ ಶರಣು. ಹಸಿ ಸೌದೆಯ ಹೊಗೆಗೆ ಅಮ್ಮನ ಬಲಗಣ್ಣು ಮತ್ತೆ ಕೆಂಪಾಯಿತು. ಅದೇ ಡಾಕ್ಟರು, ಅದೇ ಹುಣ್ಣು, ಅದೇ ಕಣ್ಣು. ಈ ಸಲ ಅವರು ಅಮ್ಮನೊಡನೆ ಮಾತಾಡಲಿಲ್ಲ, ಅಪ್ಪನ ಕಡೆ ತಿರುಗಿ, “ಇನ್ನೊಂದು ಸಲ ಇಲ್ಲಿಗೆ ಕರ್ಕೊಂಡು ಬರಬೇಡಿ ಸಾರ್. ಬಂದ್ರೂ ನಾನು ಮಾಡೋದೇನಿರಲ್ಲ” ಎಂದರು. ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಹಾಕಿದರು. ಪಟ್ಟಿ ಹಾಕಿಕೊಂಡೇ ಅಮ್ಮ ಮರುದಿನ ಒಲೆ ಹೊತ್ತಿಸಿದಳು.

ಅಪ್ಪ ಒಮ್ಮೆ ತಾವೇ ಊದುಕೊಳವೆ ಹಿಡಿದು ಕೂತರು. ಗಂಡಸು ಬಚ್ಚಲು ಒಲೆ ಊದಿದ ನೀರು ನನಗೆ ಬೇಡ ಎಂದಳು ಅಜ್ಜಿ. ಹಾಗಾದರೆ ಮಗಳು ನಾನು ಮಾಡುತ್ತೇನೆ ಎಂದೆ. ನನ್ನ ಮಡಿಯ ಮೇಲೆ ಅಜ್ಜಿಗಿದ್ದ ನಂಬಿಕೆ ಎಷ್ಟೆಂದು ಅವಳ ಮುಖದಲ್ಲೇ ಕಾಣಿಸಿತು. ಅಮ್ಮ ಇಬ್ಬರನ್ನೂ ಆಚೆ ಕಳಿಸಿದಳು.

ಈ ನಡುವೆ ಒಂದು ಸಣ್ಣ ವಿಷಯ. ಅಜ್ಜಿಗೆ ಪೆಟ್ಟಿಗೆಯ ಮೇಲಿನ ಸಿಟ್ಟು ಪೂರ್ತಿ ಇಳಿಯದಿದ್ದರೂ ಅದರ ಗಾಜು ಎಷ್ಟು ಕಾಯುತ್ತದೆಂದು ತಿಳಿಯಿತು. ಒಂದು ಸಂಜೆ ಅಪ್ಪ ಕಾರ್ಖಾನೆಯ ಬಸ್ಸಿಳಿದು ಬಂದು ನೋಡಿದರೆ ಗಾಜಿನ ಉದ್ದಗಲಕ್ಕೂ ಹಳೇ ಪಂಚೆ ಹಾಸಿ, ಅದರ ಮೇಲೆ ಅರಳು ಸಂಡಿಗೆ ಸಾಲಾಗಿ ಒಣಗುತ್ತಿತ್ತು. ಮರುದಿನ ಸ್ನಾನಕ್ಕೆ ತಣ್ಣೀರು. ಸಂಡಿಗೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಅಪ್ಪ ಅದನ್ನು ತಿನ್ನಲಿಲ್ಲ, ನಾನು ತಿಂದೆ.

ದೀಪಾವಳಿ ಬಂತು. ನಮ್ಮ ಕಡೆ ದೀಪಾವಳಿ ಶುರುವಾಗುವುದು ನೀರು ತುಂಬುವ ಹಬ್ಬದಿಂದ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯ ಹಳೆಯ ನೀರನ್ನು ಒಂದು ಹನಿ ಉಳಿಯದಂತೆ ಮೊಗೆದು ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೊಸ ನೀರು ತುಂಬಿ, ಅರಿಶಿನ ಕುಂಕುಮ ಹೂವು ಇಟ್ಟು ಪೂಜೆ ಮಾಡುತ್ತೇವೆ. ಆ ನೀರು ಗಂಗೆ. ಬೆಳಗಿನ ಜಾವ ಎದ್ದು, ಎಣ್ಣೆ ಹಚ್ಚಿಸಿಕೊಂಡು, ಅದರಲ್ಲೇ ಎಲ್ಲರೂ ಮೀಯಬೇಕು. ಉಳಿದ ದಿನಗಳಲ್ಲಿ ತಲೆಗೆ ಎಣ್ಣೆ ಮುಟ್ಟಿಸದ ಅಜ್ಜಿ ಕೂಡ ಆ ಒಂದು ದಿನ ಎಣ್ಣೆ ಹಾಕಿಕೊಳ್ಳುತ್ತಿದ್ದಳು. ಹಂಡೆಗೆ ಕುಂಕುಮ ಇಡುವ ಕೆಲಸ ಮಾತ್ರ ಅಮ್ಮನದು. ತಾತ ಹೋದಮೇಲೆ ಅಜ್ಜಿ ಕುಂಕುಮ ಮುಟ್ಟುತ್ತಿರಲಿಲ್ಲ.

ಅಪ್ಪ ಹೂವು ಹಣ್ಣು ತರಲು ಗಾಂಧಿಬಜಾರಿಗೆ ಹೋಗಿದ್ದರು. ಅವತ್ತು ಇಡೀ ದಿನ ಒಳ್ಳೆಯ ಬಿಸಿಲು. ಡ್ರಮ್ಮಿನಲ್ಲಿ ಕೈ ಇಡಲಾಗದ ಬಿಸಿನೀರಿತ್ತು. ಹಬ್ಬದ ದಿನ ಮನೆಮಂದಿಗೆಲ್ಲ ಅದೇ ಸಾಕು, ಅಜ್ಜಿಗೆ ಒಂದು ಬಕೆಟ್ಟಿನಷ್ಟು ಮಾತ್ರ ಹಂಡೆಯಲ್ಲಿ ಕಾದರೆ ಆಯಿತು ಎಂದು ಅಪ್ಪ ಹೋಗುವ ಮೊದಲು ಹೇಳಿದ್ದರು. ಹಂಡೆಯ ಪೂಜೆ ಮುಗಿಸಿ ಅಜ್ಜಿ ಕೋಲೂರಿಕೊಂಡು ಹಿತ್ತಿಲಿಗೆ ಬಂದಳು. ಡ್ರಮ್ಮನ್ನು ಕೆಳಗಿನಿಂದ ಮೇಲೆ ನೋಡಿದಳು.

“ಇದಕ್ಕೆ?”

“ಇದಕ್ಕೇನು ಅತ್ತೆ?” ಎಂದಳು ಅಮ್ಮ.

“ಇದರ ನೀರಲ್ಲಿ ತಾನೆ ನೀವೆಲ್ಲಾ ಮೀಯೋದು? ಇದೂ ಈ ಮನೆ ಹಂಡೇನೆ. ಹಳೇ ನೀರು ತುಂಬಿಟ್ಕೊಂಡು ಯಾರಾದ್ರೂ ಹಬ್ಬ ಮಾಡ್ತಾರಾ? ಚೆಲ್ಲಿ ತುಂಬಿಸು.”

“ಅಜ್ಜಿ, ಅದು ಬಿಸಿನೀರು! ಇಡೀ ದಿನ ಕಾದಿರೋದು! ಈಗ ಚೆಲ್ಲಿದ್ರೆ ನಾಳೆಗೆ ಬಿಸಿಲು ಎಲ್ಲಿ?” ಎಂದು ನಾನು ಕೂಗಿದೆ.

“ಸುಮ್ನಿರು” ಎಂದಳು ಅಮ್ಮ ನನಗೆ. “ಹಬ್ಬದ ದಿನ ಜಗಳ ಬೇಡ.”

ಅಮ್ಮ ಡ್ರಮ್ಮಿನ ಕೆಳಗಿನ ನಲ್ಲಿ ತಿರುಗಿಸಿದಳು. ದಿನವಿಡೀ ಕಾದ ನೀರೆಲ್ಲ ಹಬೆಯಾಡುತ್ತ ತೆಂಗಿನ ಮರದ ಪಾತಿಗೆ ಹರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಆಮೇಲೆ ನಾನು ನೆಲದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರೆತ್ತಿ ಕೊಟ್ಟೆ, ಅಮ್ಮ ಸ್ಟೂಲಿನ ಮೇಲೆ ನಿಂತು ತುಂಬಿಸಿದಳು. ಡ್ರಮ್ಮಿನ ತಗಡಿನ ಹೊಟ್ಟೆಗೆ ಅರಿಶಿನ ಕುಂಕುಮ ಇಟ್ಟಳು. ಅಷ್ಟು ಹೊತ್ತಿಗೆ ಅಪ್ಪ ಚೀಲ ಹಿಡಿದು ಬಂದರು. ಒದ್ದೆ ಪಾತಿ ನೋಡಿದರು, ಕುಂಕುಮ ನೋಡಿದರು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಹೂವು ಹಿತ್ತಿಲಿನ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಬೆಳಗಿನ ಜಾವ ಎಲ್ಲರ ತಲೆಗೂ ಎಣ್ಣೆ ಬಿದ್ದಿತ್ತು. ಡ್ರಮ್ಮಿನ ನೀರು ಮುಟ್ಟಿದರೆ ಕೊರೆಯುತ್ತಿತ್ತು. ಎಲ್ಲರಿಗೂ ಈಗ ಹಂಡೆಯೇ ಗತಿ, ಹಂಡೆ ತುಂಬ ಕಾಯಬೇಕು, ಸೌದೆ ಇನ್ನೂ ಹಸಿ. ಅಮ್ಮ ಹೋಗಿ ಕೂತಳು. ಪಟ್ಟಿ ಬಿಚ್ಚಿ ಕೆಲವೇ ದಿನಗಳಾಗಿದ್ದವು. ಆಚೆ ಬೀದಿಯಲ್ಲಿ ಪಟಾಕಿ ಶುರುವಾಗಿತ್ತು. ನಾವು ನಡುಮನೆಯಲ್ಲಿ ಮಣೆಗಳ ಮೇಲೆ, ಎಣ್ಣೆ ಇಳಿಯುವ ಮುಖಗಳಲ್ಲಿ, ಬಚ್ಚಲಿನ ಕೆಮ್ಮು ಕೇಳುತ್ತ ಕೂತಿದ್ದೆವು. ಅಪ್ಪ ಎರಡು ಸಲ ಎದ್ದರು, ಎರಡು ಸಲ ಕೂತರು.

ಬಹಳ ಹೊತ್ತಿನ ಮೇಲೆ ಅಮ್ಮ ಬಂದಳು. ಬಲಗಣ್ಣು ಮುಚ್ಚಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅಜ್ಜಿಯ ಮುಂದೆ ನಿಂತಳು.

“ಕಾದಿದೆ ಅತ್ತೆ, ಏಳಿ” ಎಂದಳು. ಅಜ್ಜಿ ಏಳಲು ಕೈ ಊರಿದಾಗ, “ಒಂದು ಮಾತು ಕೇಳ್ಲಾ?” ಎಂದಳು.

ಅಜ್ಜಿ ಅರ್ಧ ಎದ್ದವಳು ಮತ್ತೆ ಕೂತಳು. ಅಮ್ಮ ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳು ಅಜ್ಜಿಯನ್ನು ಅಡುಗೆಗೆ ಏನು ಮಾಡಲಿ ಎಂಬುದನ್ನು ಬಿಟ್ಟು ಬೇರೆ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

“ಹಂಡೇಲಿರೋದು ನಿನ್ನೆ ಸಂಜೆ ತುಂಬಿದ ನೀರು. ಇವತ್ತು ನೀವು ಅದರಲ್ಲೇ ಮೀತೀರಿ. ಪ್ರತಿ ವರ್ಷಾನೂ ಮಿಂದಿದೀರಿ. ಇವತ್ತು ನಿನ್ನೆ ನೀರು ಗಂಗೆ ಆಗತ್ತೆ. ಮಿಕ್ಕ ದಿನ ಅದು ಯಾಕೆ ತಂಗಳಾಗತ್ತೆ ಅತ್ತೆ?”

ಜಗಳದ ದನಿ ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳುವವರ ದನಿ. ಅಪ್ಪ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಹೊರಗೆ ಯಾರೋ ಸರ ಪಟಾಕಿ ಹಚ್ಚಿದರು. ಅದು ಸಿಡಿದು ಮುಗಿಯಿತು.

“ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದೀವಲ್ಲೇ” ಎಂದಳು ಅಜ್ಜಿ.

“ಹಾಗಾದ್ರೆ ದಿನಾ ಇಡ್ತೀನಿ” ಎಂದಳು ಅಮ್ಮ.

ಅಜ್ಜಿ ತಲೆ ಎತ್ತಿ ಅಮ್ಮನನ್ನು ನೋಡಿದಳು. ಆ ಕಣ್ಣನ್ನು ಅಷ್ಟು ಹತ್ತಿರದಿಂದ ಅವಳು ಎಂದಾದರೂ ನೋಡಿದ್ದಳೋ ಇಲ್ಲವೋ. ನೀರು ಕಾದ ಮೇಲೆ ಬಚ್ಚಲಿಗೆ ಹೋಗುವವಳು ಅವಳು. ಅಷ್ಟು ಹೊತ್ತಿಗೆ ಹೊಗೆ ಅಡಗಿರುತ್ತಿತ್ತು, ಅಮ್ಮ ಮುಖ ತೊಳೆದಿರುತ್ತಿದ್ದಳು.

“ಎಣ್ಣೆ ಕಣ್ಣಿಗೆ ಇಳೀತಿದೆ. ಮೊದಲು ನೀರು ಹಾಕು ನಡಿ” ಎಂದಳು ಅಜ್ಜಿ.

ಒಪ್ಪಿದಳೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಹಬ್ಬದ ಉಳಿದ ದಿನಗಳು ಹೇಗೋ ಕಳೆದವು. ಬಲಿಪಾಡ್ಯಮಿಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಅಮ್ಮ ಮಡಿಸೀರೆಯಲ್ಲಿ ಸ್ಟೂಲು ಹತ್ತಿ, ಡ್ರಮ್ಮಿನಲ್ಲಿ ಉಳಿದಿದ್ದನ್ನೆಲ್ಲ ಬಿಟ್ಟು, ಹೊಸದಾಗಿ ತುಂಬಿಸಿ, ಕುಂಕುಮ ಇಟ್ಟು ಕೈಮುಗಿದಳು. ಮರುದಿನ ಬೆಳಗಾಗುವ ಮೊದಲು ಅಜ್ಜಿ ಬಚ್ಚಲಿನ ಬಾಗಿಲಲ್ಲಿ ನಿಂತಳು. ಒಲೆ ಹೊತ್ತಿರಲಿಲ್ಲ.

“ಇಟ್ಟಿದೀಯಾ?” ಎಂದು ಕೇಳಿದಳು.

“ಇಟ್ಟಿದೀನಿ ಅತ್ತೆ.”

ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಬೀಳುವ ಸದ್ದು ಕೇಳಿಸಿತು. ಹಾಸಿಗೆಯಲ್ಲಿ ಎದ್ದು ಕೂತಿದ್ದ ಅಪ್ಪ ಅದನ್ನು ಕೇಳಿ ಮತ್ತೆ ಮಲಗಿ ಹೊದ್ದುಕೊಂಡರು. ಅಪ್ಪನ ವಿಜ್ಞಾನಕ್ಕೂ ಅಜ್ಜಿಯ ಮಡಿಗೂ ನಡುವೆ ಒಂದು ಚಿಟಿಕೆ ಕುಂಕುಮ ಬಂದು, ಹಾವೂ ಸಾಯದೆ ಕೋಲೂ ಮುರಿಯದೆ ಉಳಿದವು.

ಅಮ್ಮನ ಕಣ್ಣು ಉಳಿಯಿತು. ಕಪ್ಪು ಗುಡ್ಡೆಯ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಬಿಳಿ ಕಲೆ ನಿಂತಿತು, ಅಷ್ಟೆ. ಒಲೆ ಮೋಡದ ದಿನಗಳಲ್ಲಿ ಮಾತ್ರ ಹೊತ್ತುತ್ತಿತ್ತು. ಆ ದಿನಗಳಲ್ಲಿ ಒಲೆ ಊದುವ ಕೆಲಸ ನನ್ನದಾಯಿತು. ನನ್ನ ಮಡಿಯನ್ನು ಅಜ್ಜಿ ಇದ್ದಕ್ಕಿದ್ದಂತೆ ನಂಬತೊಡಗಿದ್ದಳು. ದಿನವೂ ಬೆಳಿಗ್ಗೆ ಡ್ರಮ್ಮು ತುಂಬುವುದು, ಕುಂಕುಮ ಇಡುವುದು, ಮರುದಿನ ಬಾಗಿಲಲ್ಲಿ ಅಜ್ಜಿ “ಇಟ್ಟಿದೀಯಾ?” ಅನ್ನುವುದು, ಅಮ್ಮ “ಇಟ್ಟಿದೀನಿ” ಅನ್ನುವುದು. ಡ್ರಮ್ಮಿನ ಹೊಟ್ಟೆಯ ಮೇಲೆ ಕುಂಕುಮ ದಪ್ಪವಾಗಿ ಕಟ್ಟಿಕೊಂಡು, ಮಳೆಗೆ ಕರಗಿ ಇಟ್ಟಿಗೆ ಕಂಬದ ಮೇಲೆ ಕೆಂಪಗೆ ಇಳಿದಿತ್ತು. ನೋಡಲು ಬಂದವರು ಇದೇನು ಯಾವುದಾದರೂ ದೇವರೇ ಎಂದು ಕೇಳುತ್ತಿದ್ದರು. ಅಪ್ಪ ಅವರಿಗೆ ಬಿಸಿನೀರು ಮೇಲಕ್ಕೇರುವ ನಿಯಮವನ್ನು ವಿವರಿಸುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಅಜ್ಜಿ ಹೋದಳು. ಜನವರಿಯ ಚಳಿ, ನಸುಕಿನ ಹೊತ್ತು. ಹಿಂದಿನ ದಿನ ಸಂಜೆಯೇ ಉಸಿರು ಎಳೆಯುತ್ತಿದ್ದುದರಿಂದ ದೊಡ್ಡತ್ತೆ ಬಂದಿದ್ದರು. ಪುರೋಹಿತರು ಬಂದು, ದೇಹಕ್ಕೆ ಸ್ನಾನ ಮಾಡಿಸಬೇಕು, ನೀರು ತನ್ನಿ ಎಂದರು. ದೊಡ್ಡತ್ತೆ ಕಣ್ಣೊರೆಸಿಕೊಂಡು ಎದ್ದು, ನಲ್ಲಿಯಲ್ಲಿ ನೀರು ಬಂದಿದೆಯಾ ನೋಡು, ಬಿಂದಿಗೆಗೆ ಹೊಸ ನೀರು ಹಿಡಿ ಎಂದು ನನಗೆ ಹೇಳಿದರು.

ನಾನು ಹಿತ್ತಿಲಿಗೆ ಹೋದರೆ ಅಮ್ಮ ಆಗಲೇ ಅಲ್ಲಿದ್ದಳು. ಡ್ರಮ್ಮಿನ ಕೆಳಗಿನ ನಲ್ಲಿಗೆ ಬಿಂದಿಗೆ ಇಟ್ಟಿದ್ದಳು. ಚಳಿಗೆ ಹಬೆ ಏಳುತ್ತಿತ್ತು. ಹಿಂದೆಯೇ ದೊಡ್ಡತ್ತೆ ಬಂದರು.

“ಅದ್ಯಾಕೆ? ಹೊಸ ನೀರು ಹಿಡಿಯೇ.”

“ನಲ್ಲಿ ನೀರು ಕೊರೀತಿದೆ ಅತ್ತಿಗೆ. ಅತ್ತೆಗೆ ತಣ್ಣೀರು ಆಗಲ್ಲ” ಎಂದಳು ಅಮ್ಮ, ಬಿಂದಿಗೆಯಿಂದ ಕಣ್ಣು ತೆಗೆಯದೆ.

“ಅಯ್ಯೋ, ಇನ್ನೇನು ತಣ್ಣೀರು ಬಿಸಿನೀರು ಅವಳಿಗೆ!” ದೊಡ್ಡತ್ತೆಯ ದನಿ ಒಡೆಯಿತು. “ಅದೂ ಅಲ್ದೆ, ಅದು ನಿನ್ನೆ ನೀರಲ್ವೇನೇ? ನಿನ್ನೆ ನೀರು ಅಮ್ಮನಿಗೆ ಆಗ್ತಿತ್ತಾ?”

ಬಿಂದಿಗೆ ತುಂಬಿತು. ಅಮ್ಮ ನಲ್ಲಿ ನಿಲ್ಲಿಸಿ, ಬಿಂದಿಗೆಯನ್ನು ಸೊಂಟಕ್ಕೆ ಎತ್ತಿಕೊಂಡಳು.

“ಇಟ್ಟಿದೀನಿ” ಎಂದಳು, ಬಚ್ಚಲಿನ ಬಾಗಿಲ ಕಡೆ ನೋಡಿ. ಆಮೇಲೆ ನಡುಮನೆಗೆ ಹೋದಳು.